‘ಸರ್ವರ್ ಆಫ್ ಮಾಡಬೇಡಿ’: ಡೇಟಾಬೇಸ್ ಉಳಿಸಿಕೊಟ್ಟ ಒಂದು ಸೇವೆಯ ವಿಮರ್ಶೆ

ದಾವಣಗೆರೆಯಲ್ಲಿರುವ ನಮ್ಮ ಔಷಧಿ ಸಗಟು ಮಳಿಗೆಯ ಬಿಲ್ಲಿಂಗ್ ಎಲ್ಲ ಉಬುಂಟು (ಒಂದು ಬಗೆಯ ಲಿನಕ್ಸ್) ಯಂತ್ರವೊಂದರ ಮೈಎಸ್‌ಕ್ಯೂಎಲ್ 5.7 ಎಂಬ ಡೇಟಾಬೇಸ್ ತಂತ್ರಾಂಶದಲ್ಲಿದೆ. ಕಳೆದ ತಿಂಗಳು ಡಿಸ್ಕ್ ತುಂಬಿದಾಗ, 60 ಜಿಬಿಗೆ ಬೆಳೆದಿದ್ದ ‘ಐಬಿಡೇಟಾ1’ ಎಂಬ ಫೈಲನ್ನು ಹಳೆಯ ಲಾಗ್ ಎಂದು ಭಾವಿಸಿ ನಾನೇ ಅಳಿಸಿದೆ. ಟೇಬಲ್‌ಗಳ, ಅಂದರೆ ಡೇಟಾಬೇಸಿನ ಕೋಷ್ಟಕಗಳ, ಮಾಹಿತಿ ಬೇರೆ ಬೇರೆ ಫೈಲ್‌ಗಳಲ್ಲಿದ್ದರೂ, ಯಾವ ಟೇಬಲ್ ಎಲ್ಲಿದೆ ಎಂಬ ಪಟ್ಟಿ ಈ ಆವೃತ್ತಿಯಲ್ಲಿ ಇರುವುದು ನಾನು ಅಳಿಸಿದ ಆ ಫೈಲಿನೊಳಗೇ. ನಮ್ಮ ಕೊನೆಯ ಬ್ಯಾಕಪ್ ಹನ್ನೊಂದು ದಿನ ಹಳೆಯದಾಗಿತ್ತು.

ಮೊದಲು ಕೇಳಿದ ಅಂಗಡಿಯವರು, ಯಂತ್ರ ಬಂದ್ ಮಾಡಿ ತನ್ನಿ ಎಂದರು. ಪುಣ್ಯಕ್ಕೆ ಹೋಗಲಿಲ್ಲ. ಪರಿಚಿತರ ಮೂಲಕ ಸಿಕ್ಕ ಬೆಂಗಳೂರಿನ ತಜ್ಞರು, ಪ್ರಚಾರ ಬೇಡ ಎಂದಿರುವುದರಿಂದ ಅವರ ಹೆಸರು ಬರೆಯುತ್ತಿಲ್ಲ, ಫೋನ್ ಎತ್ತಿದೊಡನೆ ಹೇಳಿದ್ದು ಇಷ್ಟೇ: “ಸರ್ವರ್ ಆಫ್ ಮಾಡಬೇಡಿ ಸರ್, ರೀಸ್ಟಾರ್ಟ್ ಕೂಡ ಬೇಡ. ಬಿಲ್ಲಿಂಗ್ ಮಾತ್ರ ನಿಲ್ಲಿಸಿ.” ನಾನು ಕೊಟ್ಟ ಹಣ ಈ ಒಂದು ಮಾತಿಗೇ ಸಲ್ಲುತ್ತದೆ.

ಫೈಲ್ ಅಳಿಸಿದ ಮೇಲೂ ಡಿಸ್ಕ್ ಶೇ 100ರಲ್ಲೇ ನಿಂತಿದ್ದು ನನಗೆ ಒಗಟಾಗಿತ್ತು. ಅವರಿಗೆ ಅದೇ ಶುಭಸೂಚನೆ. ಲಿನಕ್ಸ್‌ನಲ್ಲಿ ಓಡುತ್ತಿರುವ ಪ್ರೋಗ್ರಾಮ್ ಒಂದು ಫೈಲನ್ನು ತೆರೆದಿಟ್ಟುಕೊಂಡಿದ್ದರೆ, ಅಳಿಸಿದಾಗ ಹೋಗುವುದು ಅದರ ಹೆಸರು ಮಾತ್ರ; ಒಳಗಿನದು ಆ ಪ್ರೋಗ್ರಾಮ್ ನಿಲ್ಲುವವರೆಗೂ ಡಿಸ್ಕಿನಲ್ಲೇ ಇರುತ್ತದೆ. ರಿಮೋಟ್‌ನಲ್ಲಿ ಒಳಬಂದ ಅವರು ಓಡುತ್ತಿರುವ ಪ್ರೋಗ್ರಾಮ್‌ಗಳ ವಿವರ ತೋರಿಸುವ ‘ಪ್ರಾಕ್’ ಫೋಲ್ಡರಿನಲ್ಲಿ ಮೈಎಸ್‌ಕ್ಯೂಎಲ್‌ನ ಪ್ರೋಸೆಸ್ ಸಂಖ್ಯೆ ಹಿಡಿದು ಹುಡುಕಿದಾಗ, ‘ಡಿಲೀಟೆಡ್’ ಎಂಬ ಗುರುತು ಹೊತ್ತ ನಮ್ಮ ಫೈಲ್ ಅಲ್ಲೇ ಕಾಣಿಸಿತು. ಕೂಡಲೇ ನಕಲಿಸಿಬಿಡಬಾರದೇ ಎಂದು ನಾನು ಅವಸರಪಟ್ಟೆ. ಅವರು ಒಪ್ಪಲಿಲ್ಲ. ಮೊದಲು ಎಲ್ಲ ಟೇಬಲ್‌ಗಳಿಗೂ ರೀಡ್ ಲಾಕ್ (ಓದಬಹುದು, ಬರೆಯಲಾಗದು) ಹಾಕಿ, ಮೆಮೊರಿಯಲ್ಲಿ ಉಳಿದಿದ್ದ ಬದಲಾವಣೆಗಳೆಲ್ಲ ಡಿಸ್ಕಿಗೆ ಇಳಿದು ‘ಮಾಡಿಫೈಡ್ ಪೇಜಸ್’ ಎಂಬ ಅವುಗಳ ಎಣಿಕೆ ಸೊನ್ನೆಯಾಗುವವರೆಗೆ ಕಾದರು. ನಂತರವೇ ಅದನ್ನು ಹೊರಗಿನ ಯುಎಸ್‌ಬಿ ಡಿಸ್ಕಿಗೆ ನಕಲಿಸಿದರು. ಸರ್ವರ್ ನಿಲ್ಲಿಸಿ, ನಕಲನ್ನು ಮೂಲ ಜಾಗಕ್ಕೆ ತಂದು, ಮಾಲೀಕತ್ವವನ್ನು ಮೈಎಸ್‌ಕ್ಯೂಎಲ್ ಬಳಕೆದಾರನ ಹೆಸರಿಗೆ ಬದಲಿಸಿ ಮತ್ತೆ ಚಾಲೂ ಮಾಡಿದಾಗ ನಾನು ತೆರೆದು ನೋಡಿದ್ದು ಅಂದು ಬೆಳಿಗ್ಗೆ ಹಾಕಿದ ಕೊನೆಯ ಬಿಲ್ಲನ್ನು. ಅದಿತ್ತು.

ಕೆಲಸ ಅಲ್ಲಿಗೇ ಮುಗಿಯಿತೆನ್ನದೆ, ಎಲ್ಲವನ್ನೂ ಡಂಪ್ (ಡೇಟಾಬೇಸಿನ ಪೂರ್ತಿ ಪ್ರತಿ) ತೆಗೆದು ಹೊಸ ಸರ್ವರಿಗೆ ತುಂಬಿಸಿದರು; ಒಮ್ಮೆ ಉಬ್ಬಿದ ಆ ಫೈಲ್ ತಾನಾಗಿ ಕುಗ್ಗುವುದಿಲ್ಲವಂತೆ.

ನಾಲ್ಕು ಗಂಟೆಗಳ ಕೆಲಸಕ್ಕೆ 18,000 ರೂಪಾಯಿ ತೆಗೆದುಕೊಂಡರು. ದುಬಾರಿ ಎನಿಸಲಿಲ್ಲ. ಕೊರತೆ ಎಂದರೆ, ಕೊಟ್ಟ ವರದಿ ಮೂರೇ ಸಾಲಿನದು. ಬಳಸಿದ ಆಜ್ಞೆಗಳ ಪಟ್ಟಿಯನ್ನು ಎರಡು ಬಾರಿ ಕೇಳಿದ ಮೇಲೆ ಕಳುಹಿಸಿದರು. ಅದನ್ನು ಮುದ್ರಿಸಿ ಸರ್ವರ್ ಪಕ್ಕದ ಗೋಡೆಗೆ ಅಂಟಿಸಿದ್ದೇನೆ.