ಧ್ರುವಪ್ರಭೆಯೋ, ಉಪ್ಪಿನ ಕನ್ನಡಿಯೋ?

ನಾರ್ವೆಯ ಟ್ರೊಮ್ಸೊದಲ್ಲಿ ಧ್ರುವಪ್ರಭೆ ನೋಡುವುದೋ, ಬೊಲಿವಿಯಾದ ಉಯುನಿಯಲ್ಲಿ ಆಕಾಶವನ್ನೇ ಪ್ರತಿಬಿಂಬಿಸುವ ಉಪ್ಪಿನ ಬಯಲಿನ ಮೇಲೆ ನಿಲ್ಲುವುದೋ ಎಂದು ಯೋಚಿಸುವ ಕೊಡಗಿನ ಬೆಳೆಗಾರರು ಮೊದಲು ಕಾಫಿ ಕೊಯ್ಲಿನ ದಿನಗಳನ್ನು ಲೆಕ್ಕ ಹಾಕಬೇಕು. ಸುಮಾರು 10,000 ಚದರ ಕಿಲೋಮೀಟರ್ ಹರಡಿರುವ ಉಯುನಿ ಕನ್ನಡಿಯಾಗುವುದು ಜನವರಿಯಿಂದ ಮಾರ್ಚ್‌ವರೆಗಿನ ಮಳೆನೀರು ತೆಳುವಾಗಿ ನಿಂತಾಗ. ಅದೇ ಹೊತ್ತಿಗೆ ಇಲ್ಲಿ ರೊಬಸ್ಟಾ ಹಣ್ಣು ಕಣದಲ್ಲಿ ಒಣಗುತ್ತಿರುತ್ತದೆ. ಮೇಲಾಗಿ ಆ ಬಯಲು 3,650 ಮೀಟರ್ ಎತ್ತರದಲ್ಲಿದೆ. 1,748 ಮೀಟರಿನ ತಡಿಯಂಡಮೋಳ್ ಏರುವಾಗಲೇ ಏದುಸಿರು ಬಿಟ್ಟವರಿಗೆ ಇದು ಸಣ್ಣ ಮಾತಲ್ಲ. ಸೂರ್ಯನಿಂದ ಬಂದ ವಿದ್ಯುದಾವೇಶದ ಕಣಗಳು 100 ಕಿಲೋಮೀಟರಿಗೂ ಮೇಲೆ ಆಮ್ಲಜನಕಕ್ಕೆ ಬಡಿದಾಗ ಹೊಮ್ಮುವ, ಸೀರೆಯ ನೆರಿಗೆಯಂತೆ ತೂಗುವ ಧ್ರುವಪ್ರಭೆಯ ಹಸಿರು ಬೆಳಕು, ಮೋಡ ಕವಿಯದಿದ್ದರೆ, ಸೆಪ್ಟೆಂಬರ್ ಕೊನೆಯಿಂದಲೇ ಟ್ರೊಮ್ಸೊದಲ್ಲಿ ಕಾಣಸಿಗುತ್ತದೆ. ಅಕ್ಟೋಬರ್ ಮಧ್ಯದ ಕಾವೇರಿ ಸಂಕ್ರಮಣ ಮುಗಿಸಿಯೇ ಹೊರಡಬಹುದಾದ ಕಾರಣ ನನ್ನ ಒಲವು ಟ್ರೊಮ್ಸೊ ಕಡೆಗೆ. ಆದರೆ ಅಲ್ಲಿ ನಾಲ್ಕೈದು ರಾತ್ರಿಯಾದರೂ ಉಳಿಯಬೇಕು.