ಗಡಿಯುದ್ಧ ಮತ್ತು ಸಮಾಜ: ಪ್ರಬಂಧಕ್ಕೆ ಕಾಸ್ಟೀಲ್ ಆರಿಸಲೋ, ಸ್ಕಾಟ್ಲೆಂಡ್ ಗಡಿಯೋ?

ಗಡಿಯುದ್ಧ ಜನಜೀವನವನ್ನು ಹೇಗೆ ತಿದ್ದಿತು ಎಂದು ನೋಡಲು ಈ ಎರಡೂ ಒಳ್ಳೆಯ ಉದಾಹರಣೆಗಳೇ. ಆದರೆ ಸ್ವಭಾವ ಬೇರೆ.

ಕಾಸ್ಟೀಲ್ ಮಧ್ಯಯುಗದ ಸ್ಪೇನಿನ ಕ್ರೈಸ್ತ ರಾಜ್ಯ. ಮುಸ್ಲಿಂ ಆಳ್ವಿಕೆಯ ಊರುಗಳನ್ನು ಗೆಲ್ಲುತ್ತಾ ಅದರ ಗಡಿ ದಕ್ಷಿಣಕ್ಕೆ ಸರಿಯುತ್ತಾ ಹೋಯಿತು: 1085ರಲ್ಲಿ ಟೊಲೆಡೊ, 1177ರಲ್ಲಿ ಕ್ವೆಂಕಾ, 1248ರಲ್ಲಿ ಸೆವಿಲ್. ಗೆದ್ದ ಊರಿನಲ್ಲಿ ಜನ ನೆಲೆಸಬೇಕಲ್ಲ, ಅದಕ್ಕೆ ರಾಜರು ‘ಫುವೆರೊ’ ಎಂಬ ಸನ್ನದು ಕೊಟ್ಟರು. ಕುದುರೆ, ಆಯುಧ ಇಟ್ಟುಕೊಂಡ ಸಾಮಾನ್ಯನಿಗೂ ತೆರಿಗೆ ವಿನಾಯಿತಿ, ಊರಾಡಳಿತದಲ್ಲಿ ಸ್ಥಾನ. ಕ್ವೆಂಕಾದ ಸನ್ನದಿನಲ್ಲಿ ಲೂಟಿಯ ಲೆಕ್ಕವೂ ಇದೆ: ಗಾಯಗೊಂಡವರಿಗೂ ಸತ್ತ ಕುದುರೆಗೂ ಪರಿಹಾರ, ರಾಜನಿಗೆ ಐದನೇ ಒಂದು ಪಾಲು, ಮಿಕ್ಕದ್ದು ದಾಳಿಗೆ ಹೋದವರಿಗೆ. ಯುದ್ಧ ಇಲ್ಲಿ ಊರಿನ ಆದಾಯದ ಬಾಬ್ತು.

ಇಂಗ್ಲೆಂಡ್–ಸ್ಕಾಟ್ಲೆಂಡ್ ನಡುವೆ ಗಡಿರೇಖೆ 1237ರ ಯಾರ್ಕ್ ಒಪ್ಪಂದದ ನಂತರ ಹೆಚ್ಚು ಕದಲಲಿಲ್ಲ. 1296ರಿಂದ ಯುದ್ಧ ಶುರುವಾದ ಮೇಲೆ ಬೆಳೆ ಸುಡುವುದು, ದನ ಹೊಡೆದುಕೊಂಡು ಹೋಗುವುದು ಮಾಮೂಲಾಯಿತು. ಸ್ಕಾಟರು ಇಂಗ್ಲಿಷರನ್ನು ಸೋಲಿಸಿದ 1314ರ ಬ್ಯಾನಕ್‌ಬರ್ನ್ ಕದನದ ಸುಮಾರಿನಲ್ಲಿ ಉತ್ತರ ಇಂಗ್ಲೆಂಡಿನ ಡರ್ಹ್ಯಾಮ್‌ನವರು ಸ್ಕಾಟರಿಗೆ ಹಣ ತೆತ್ತು ಕದನವಿರಾಮ ಕೊಂಡುಕೊಂಡರು. ಅನುಕೂಲಸ್ಥರು ದಪ್ಪ ಕಲ್ಲಿನ ‘ಪೀಲ್’ ಗೋಪುರ ಕಟ್ಟಿಕೊಂಡರು. ಬಡ ರೈತನಿಗೆ ಓಡುವುದೊಂದೇ ದಾರಿ.

ಕಾನೂನು, ನಗರ, ಪಶುಪಾಲನೆ ನಿಮ್ಮ ಆಸಕ್ತಿಯಾದರೆ ಕಾಸ್ಟೀಲ್. ಹಳ್ಳಿಯ ನಷ್ಟ ಅಳೆಯಬೇಕಾದರೆ ಸ್ಕಾಟ್ಲೆಂಡ್ ಗಡಿ. ಚಿಕ್ಕ ಪ್ರಬಂಧಕ್ಕೆ ನಮ್ಮ ಆಯ್ಕೆ ಕ್ವೆಂಕಾ, ಒಂದೇ ಸನ್ನದಿನಲ್ಲಿ ಅಷ್ಟು ಸಿಗುತ್ತದೆ. ಎಡವುವುದೂ ಅಲ್ಲೇ: ಸನ್ನದು ಹೇಳುವುದು ನಿಯಮ, ನಡೆದದ್ದಲ್ಲ. ಅತ್ತ ಉತ್ತರ ಇಂಗ್ಲೆಂಡಿನ ಹಾನಿಯ ಅರ್ಜಿಗಳನ್ನು ತೆರಿಗೆ ಮಾಫಿಗಾಗಿ ಬರೆದವರೂ ಇದ್ದರು. ಅಂಕಿಗಳನ್ನು ಚರ್ಚಿನ ದಶಮಾಂಶದ (ಬೆಳೆಯಲ್ಲಿ ಚರ್ಚಿಗೆ ಕೊಡುತ್ತಿದ್ದ ಹತ್ತನೇ ಒಂದು ಪಾಲು) ಲೆಕ್ಕದ ಜೊತೆ ತಾಳೆ ನೋಡಿಯೇ ಬಳಸಿ.