ಕುತರ್ಕ ಕಂಡಾಗ ಹೆಸರು ಹಿಡಿದು ಹೇಳುವುದೋ, ಪ್ರಶ್ನೆ ಕೇಳುವುದೋ?

‘ಮಕ್ಕಳ ಮೊಬೈಲ್ ಬಳಕೆ ಕಡಿಮೆಯಾಗಬೇಕು’ ಎಂದು ನೀವು ಬರೆದಿರಿ. ‘ಹಾಗಾದರೆ ತಂತ್ರಜ್ಞಾನವೇ ಬೇಡವೇ?’ ಎಂದು ಒಬ್ಬರು ಮೇಲೆ ಬಿದ್ದರು. ಈಗ ನಿಮಗೆ ಎರಡು ದಾರಿಗಳಿವೆ.

‘ಇದು ಸ್ಟ್ರಾಮ್ಯಾನ್’, ಅಂದರೆ ಎದುರಿನವರು ಹೇಳಿದ್ದನ್ನು ತಿರುಚಿ ಆ ತಿರುಚಿದ ಮಾತನ್ನು ಖಂಡಿಸುವ ಕುತರ್ಕ, ಎಂದು ದೋಷದ ಹೆಸರನ್ನೇ ಹೇಳಿಬಿಡಬಹುದು. ಬೇಗ ಮುಗಿಯುತ್ತದೆ. ಆದರೆ ಆ ಪದ ಗೊತ್ತಿಲ್ಲದವರಿಗೆ ಅದು ಬೈಗುಳದಂತೆ ಕೇಳಿಸುತ್ತದೆ. ಮೊಬೈಲಿನ ವಿಷಯ ಮೂಲೆ ಸೇರಿ, ಅದು ಸ್ಟ್ರಾಮ್ಯಾನ್ ಹೌದೋ ಅಲ್ಲವೋ ಎಂಬ ಜಗಳ ಶುರುವಾಗುತ್ತದೆ. ಇನ್ನೊಂದು ಅಪಾಯ ಇದಕ್ಕಿಂತ ದೊಡ್ಡದು. ವಾದದಲ್ಲಿ ದೋಷವಿದೆ ಎಂದ ಮಾತ್ರಕ್ಕೆ ತೀರ್ಮಾನವೂ ಸುಳ್ಳು ಎಂದುಕೊಳ್ಳುವುದು ಮತ್ತೊಂದು ಕುತರ್ಕ. ಸರಿಯಾದ ಮಾತಿಗೆ ಕೆಟ್ಟ ಕಾರಣ ಕೊಡುವವರು ಬೇಕಾದಷ್ಟಿದ್ದಾರೆ.

ಇಲ್ಲವೇ, ‘ನಾನು ಹೇಳಿದ್ದು ಕಡಿಮೆ ಮಾಡುವ ಬಗ್ಗೆ, ನಿಲ್ಲಿಸುವ ಬಗ್ಗೆ ಅಲ್ಲ. ಕಡಿಮೆ ಮಾಡುವುದಕ್ಕೆ ನಿಮ್ಮ ಆಕ್ಷೇಪವೇನು?’ ಎಂದು ಕೇಳಬಹುದು. ಇದಕ್ಕೆ ತಾಳ್ಮೆ ಬೇಕು. ಆದರೆ ಅವರು ನಿಜವಾಗಿಯೂ ತಪ್ಪು ತಿಳಿದಿದ್ದರೆ ಮುಖಭಂಗವಿಲ್ಲದೆ ತಿದ್ದಿಕೊಳ್ಳುತ್ತಾರೆ. ಬೇಕೆಂದೇ ತಿರುಚಿದ್ದರೆ, ಸುಮ್ಮನೆ ಓದುತ್ತಿರುವವರಿಗೆ ಅದು ಕಾಣುತ್ತದೆ. ನನ್ನ ಒಲವು ಸ್ಪಷ್ಟವಾಗಿ ಇದರ ಕಡೆಗೇ. ತರ್ಕ ಕಲಿಯುವವರೇ ಸೇರಿದ ಗುಂಪಿನಲ್ಲಿ ಮಾತ್ರ ಮೊದಲ ದಾರಿ ಹಿಡಿಯಿರಿ. ಅಲ್ಲಿ ಹೆಸರು ಹೇಳಿದರೆ ಯಾರಿಗೂ ನೋವಾಗದು.

ವೈಯಕ್ತಿಕ ನಿಂದನೆಗೆ ಎರಡೂ ವ್ಯರ್ಥ, ಉತ್ತರಿಸಬೇಡಿ. ಆದರೆ ‘ಇದರಿಂದ ನಿಮಗೇನಾದರೂ ಲಾಭವಿದೆಯೇ?’ ಎಂದು ಯಾರಾದರೂ ಕೇಳಿದರೆ ಅದನ್ನು ನಿಂದನೆ ಎಂದು ತಳ್ಳಿಹಾಕಬೇಡಿ. ಅದು ನ್ಯಾಯವಾದ ಪ್ರಶ್ನೆ, ಅದಕ್ಕೆ ನೇರ ಉತ್ತರ ಕೊಡಿ.